ಓಡದೆ ನಿಂತವರ ಕೆಲಸ

(ಯುವಕ ಮಂಡಲ ಮತ್ತು ಮಹಿಳಾ ಮಂಡಲಗಳ ಒಂದು ದಿನದ ಶಿಬಿರದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದ ಓದುಗರ ಅನುಕೂಲಕ್ಕಾಗಿ ಇಲ್ಲಿ ಅಚ್ಚು ಮಾಡಿದೆ.)



ನಮ್ಮ ಬ್ಲಾಕಿನ ಯುವಕ ಮಂಡಲಗಳೆಲ್ಲ ಸೇರಿ ಸುಗ್ಗಿ ಮುಗಿದ ಮೇಲೆ ಒಂದು ದೂರದ ಓಟವನ್ನು ನಡೆಸಲು ತೀರ್ಮಾನಿಸಿರುವುದು ನಿಮಗೆ ತಿಳಿದೇ ಇದೆ. ಕೆರೆ ಏರಿಗಳ ಮೇಲೆ ಹಾದು, ಹಳ್ಳಿಯಿಂದ ಹಳ್ಳಿಗೆ ಸುತ್ತಿ ಬರುವ 50 ಕಿಲೋಮೀಟರಿನ ದಾರಿ ಅದು. ಇದಕ್ಕಾಗಿ ಎರಡು ಪಟ್ಟಿಗಳನ್ನು ತೆರೆದೆವು. ಒಂದು ಓಡುವವರದು, ಇನ್ನೊಂದು ದಾರಿಯುದ್ದಕ್ಕೂ ನಿಂತು ಓಡುವವರನ್ನು ನೋಡಿಕೊಳ್ಳುವವರದು. ಮೊದಲನೆಯ ಪಟ್ಟಿ ಮೂರೇ ದಿನದಲ್ಲಿ ತುಂಬಿತು. ಎರಡನೆಯದರಲ್ಲಿ ಇಂದಿಗೂ ಬೆರಳಲ್ಲಿ ಎಣಿಸುವಷ್ಟು ಹೆಸರುಗಳಿವೆ. ಈ ಎರಡನೆಯ ಪಟ್ಟಿ ತುಂಬದಿದ್ದರೆ ಓಟ ನಡೆಸುವುದು ತಪ್ಪಾಗುತ್ತದೆ. ಯಾಕೆಂದು ಹೇಳುವುದಕ್ಕೇ ನಾನು ನಿಮ್ಮ ಮುಂದೆ ನಿಂತಿದ್ದೇನೆ.

ಕಾರಣ ಕೇಳಿದರೆ ಯಾರೂ ನೇರವಾಗಿ ಹೇಳುವುದಿಲ್ಲ. ಆದರೆ ಅರಳಿಕಟ್ಟೆಯ ಮೇಲೆ ಆಡಿಕೊಳ್ಳುವ ಮಾತು ಕಿವಿಗೆ ಬೀಳದೆ ಇರುವುದಿಲ್ಲ. "ಓಡೋಕೆ ಆಗದವರು ಲೋಟ ಹಿಡ್ಕೊಂಡು ನಿಂತ್ಕೊಳ್ಳಲಿ" ಎಂದು ಒಬ್ಬರು; "ನೀರು ಕೊಡೋಕೂ ಶಿಬಿರ ಬೇಕಾ?" ಎಂದು ಇನ್ನೊಬ್ಬರು. ಕೃಷಿ ಶಾಲೆಯಲ್ಲಿ ಡಿಪ್ಲೊಮ ಓದುತ್ತಿದ್ದಾಗ ನಾನೂ ದೂರದ ಓಟಗಳಲ್ಲಿ ಓಡಿದವನೇ. ಕಾಲು ಇಂದಿಗೂ ಗಟ್ಟಿಯಾಗಿವೆ. ಆದರೂ ಈ ಸಲ ನನ್ನ ಹೆಸರನ್ನು ಎರಡನೆಯ ಪಟ್ಟಿಯಲ್ಲೇ ಬರೆಸಿದ್ದೇನೆ. ಅದು ಕೈಲಾಗದವರ ಪಟ್ಟಿಯಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಯೋಚಿಸಿ ನೋಡಿದರೆ ಈ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಬೇಸಿಗೆಯಲ್ಲಿ ದಾರಿಬದಿಯಲ್ಲಿ ಅರವಟ್ಟಿಗೆ ಇಟ್ಟು, ಹಾದು ಹೋಗುವವರು ಯಾರೆಂದು ಕೇಳದೆ ನೀರು ಮಜ್ಜಿಗೆ ಕೊಟ್ಟವರು ನಮ್ಮ ಹಿರಿಯರು. ತೇರಿನ ದಿನ ಹಗ್ಗ ಹಿಡಿದು ಎಳೆಯುವವರು ನೂರಾರು ಜನ; ಗಾಲಿಯ ಪಕ್ಕದಲ್ಲಿ ಮರದ ಅಡ್ಡೆ ಹಿಡಿದು ನಡೆಯುವವರು ನಾಲ್ಕೇ ಜನ. ಆ ನಾಲ್ವರು ಕಣ್ಣು ತಪ್ಪಿದರೆ ತೇರು ಎತ್ತ ಹರಿಯುತ್ತದೆಂದು ಹೇಳುವಂತಿಲ್ಲ. ಎಳೆಯುವವರಿಗಿಂತ ಅವರು ಕಡಮೆಯವರೆಂದು ಯಾರಾದರೂ ಹೇಳುತ್ತಾರೆಯೇ?

ನೀರುಗಂಟಿಯ ಮಾತಂತೂ ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಹಿಂದೆ ಕೆರೆಯ ನೀರು ಹಂಚುತ್ತಿದ್ದ ಒಬ್ಬ ಹಿರಿಯರೊಡನೆ ಈಚೆಗೆ ಮಾತನಾಡುತ್ತಿದ್ದೆ. ಅವರು ಹೇಳಿದರು: "ಸ್ವಾಮಿ, ತೂಬಿನ ಬಾಯಲ್ಲಿರೋ ಗದ್ದೆಗೆ ನೀರು ತಾನೇ ಹೋಗುತ್ತೆ. ನೀರುಗಂಟಿ ಬೇಕಾಗೋದು ಕೊನೇ ಗದ್ದೆಗೆ." ದೂರದ ಓಟದಲ್ಲಿಯೂ ಹೀಗೆಯೇ. ಮುಂದೆ ಓಡುವ ನಾಲ್ಕು ಜನ ಹೇಗೋ ದಾರಿ ಮುಗಿಸಿಬಿಟ್ಟಾರು. ಹಿಂದೆ ಬರುವವರು ಕ್ಷೇಮವಾಗಿ ಮನೆ ಸೇರುವುದು ದಾರಿಯಲ್ಲಿ ನಿಂತವರ ಮೇಲೆ ನಿಂತಿದೆ.

ಇಷ್ಟು ದೂರದ ಓಟದಲ್ಲಿ ದೇಹಕ್ಕೆ ಏನಾಗುತ್ತದೆಂಬುದನ್ನು ಸ್ವಲ್ಪ ತಿಳಿಯೋಣ. ಬಿಸಿಲಿನಲ್ಲಿ ಓಡುವವನ ಮೈಯಿಂದ ಗಂಟೆಗೆ ಸುಮಾರು ಒಂದು ಲೀಟರು, ಕೆಲವರಿಗೆ ಅದಕ್ಕೂ ಹೆಚ್ಚು, ಬೆವರು ಹರಿಯುತ್ತದೆ. ಬೆವರಿನ ಜೊತೆಗೆ ಉಪ್ಪೂ ಹೋಗುತ್ತದೆ. ತಿಂದ ಅನ್ನದ ಶಕ್ತಿ ಕೆಲವು ಗಂಟೆಗಳಲ್ಲಿ ತೀರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಮೈ ಸೋತ ಹಾಗೆ ಬುದ್ಧಿಯೂ ಮಂಕಾಗುತ್ತದೆ. ತನಗೆ ಏನಾಗುತ್ತಿದೆಯೆಂದು ಓಡುವವನಿಗೇ ತಿಳಿಯುವುದಿಲ್ಲ. "ಏನಿಲ್ಲ, ಚೆನ್ನಾಗಿದ್ದೀನಿ" ಎನ್ನುತ್ತಲೇ ಬಿದ್ದುಬಿಡುತ್ತಾನೆ. ಆಗ ಅವನಿಗೆ ಬೇಕಾದದ್ದು ಇನ್ನೊಬ್ಬನ ಕಣ್ಣು, ಇನ್ನೊಬ್ಬನ ಬುದ್ಧಿ. ಆ ಕಣ್ಣೂ ಬುದ್ಧಿಯೂ ನೀವು.

ಈ ವ್ಯವಸ್ಥೆ ಇಲ್ಲದಾಗ ಏನಾಗಿದೆಯೆಂಬುದಕ್ಕೆ ಚರಿತ್ರೆಯಲ್ಲಿ ಸಾಕಷ್ಟು ಉದಾಹರಣೆಗಳುಂಟು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದವು. ಅಲ್ಲಿನ ಮ್ಯಾರಥಾನ್ ಓಟವನ್ನು ಸುಡುಬಿಸಿಲಿನ ಮಧ್ಯಾಹ್ನ, ಧೂಳು ತುಂಬಿದ ಕಚ್ಚಾ ರಸ್ತೆಯಲ್ಲಿ ಇಟ್ಟರು. ದಾರಿಯಲ್ಲಿ ನೀರು ಸಿಗುವ ವ್ಯವಸ್ಥೆ ಇಲ್ಲವೆನ್ನುವಷ್ಟು ಕಡಮೆ. ಓಟಕ್ಕೆ ಹೊರಟವರು 32 ಜನ. ಮುಗಿಸಿದವರು 14 ಜನ ಮಾತ್ರ. ಒಬ್ಬ ಓಟಗಾರ ಧೂಳು ಕುಡಿದು ರಕ್ತಸ್ರಾವವಾಗಿ ದಾರಿಯಲ್ಲೇ ಬಿದ್ದಿದ್ದ. ಗೆದ್ದ ಥಾಮಸ್ ಹಿಕ್ಸ್ ಎಂಬವನಿಗೆ ಜೊತೆಯವರು ಶಕ್ತಿ ಬರಲೆಂದು ಕೊಟ್ಟದ್ದು ಮೊಟ್ಟೆಯ ಬಿಳಿಭಾಗ, ಬ್ರಾಂದಿ ಮತ್ತು ಸ್ಟ್ರಿಕ್ನಿನ್. ಈ ಸ್ಟ್ರಿಕ್ನಿನ್ ಎಂಬುದು ಇಲಿಪಾಷಾಣದಲ್ಲಿ ಬಳಸುತ್ತಿದ್ದ ವಿಷ. ಅವನು ಬದುಕಿ ಉಳಿದದ್ದು ಪುಣ್ಯ. ಪಕ್ಕದಲ್ಲಿ ಜನ ಇದ್ದರೆ ಸಾಲದು, ಅವರಿಗೆ ತಿಳಿವಳಿಕೆಯೂ ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಾಲ್ಕು ವರ್ಷದ ಮೇಲೆ, 1908ರಲ್ಲಿ, ಲಂಡನ್ನಿನ ಒಲಿಂಪಿಕ್ ಮ್ಯಾರಥಾನಿನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣಕ್ಕೆ ಬಂದ. ಬಂದವನೇ ದಿಕ್ಕು ತಪ್ಪಿ ತಿರುಗಿದ. ಮತ್ತೆ ಮತ್ತೆ ಬಿದ್ದ. ಅಲ್ಲಿದ್ದ ಅಧಿಕಾರಿಗಳು ಮರುಕದಿಂದ ಅವನನ್ನು ಎತ್ತಿ, ಹಿಡಿದು ಗೆರೆ ದಾಟಿಸಿದರು. ನೆರವು ಪಡೆದನೆಂಬ ಕಾರಣಕ್ಕೆ ಅವನ ಗೆಲುವು ರದ್ದಾಯಿತು. ಎರಡನೆಯವನಾಗಿ ಬಂದ ಅಮೆರಿಕದ ಜಾನ್ ಹೇಸ್‌ಗೆ ಪದಕ ಸಂದಿತು. ಮರುದಿನ ರಾಣಿ ಅಲೆಕ್ಸಾಂಡ್ರಾ ಪಿಯೆಟ್ರಿಗೆ ಒಂದು ಬೆಳ್ಳಿಯ ಬಟ್ಟಲನ್ನು ಕೊಟ್ಟು ಸಮಾಧಾನ ಮಾಡಿದರಂತೆ. ಬಿದ್ದವನನ್ನು ಕೂರಿಸಿ, ತಣ್ಣಗೆ ಮಾಡಿ, ವೈದ್ಯರನ್ನು ಕರೆಯುವುದು ಸಹಾಯ. ತೋಳು ಹಿಡಿದು ಗೆರೆಯ ಕಡೆಗೆ ಎಳೆಯುವುದು ಸಹಾಯವಲ್ಲ. ಅದರಿಂದ ಅವನ ಓಟವೂ ಹೋಗುತ್ತದೆ, ಜೀವಕ್ಕೂ ಅಪಾಯ.

ಇನ್ನು ವ್ಯವಸ್ಥೆ ಹೇಗಿರಬೇಕೆಂಬುದಕ್ಕೆ ಒಂದು ಮಾದರಿಯನ್ನು ಹೇಳುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಬೆಟ್ಟಗಳಲ್ಲಿ 'ವೆಸ್ಟರ್ನ್ ಸ್ಟೇಟ್ಸ್' ಎಂಬ 100 ಮೈಲಿಯ, ಎಂದರೆ ಸುಮಾರು 161 ಕಿಲೋಮೀಟರಿನ, ಓಟ ಉಂಟು. ಮೊದಲು ಅದು ಕುದುರೆ ಸವಾರರ ದಾರಿ. 1974ರಲ್ಲಿ ಗಾರ್ಡಿ ಐನ್ಸ್‌ಲೇ ಎಂಬ ಸವಾರ ಕುದುರೆ ಬಿಟ್ಟು, ಕುದುರೆಗಳ ಜೊತೆಯಲ್ಲೇ ಕಾಲಿನಿಂದ ಓಡಿ, 24 ಗಂಟೆ ತುಂಬುವ ಮೊದಲೇ ದಾರಿ ಮುಗಿಸಿದ. ಅಲ್ಲಿಂದ ಈ ಓಟ ಹುಟ್ಟಿತು. ಒಟ್ಟು 18,000 ಅಡಿಗಳ ಏರು, ಅದಕ್ಕಿಂತಲೂ ಹೆಚ್ಚಿನ ಇಳಿತ. ಬೆಳಗಿನ ಜಾವ ಬೆಟ್ಟದ ಮೇಲೆ ಚಳಿ. ಮಧ್ಯಾಹ್ನ ಕಣಿವೆಯಲ್ಲಿ ನಮ್ಮ ರಾಯಚೂರಿನಂಥ ಬಿಸಿಲು. ಮುಗಿಸಲು ಕೊಡುವ ಅವಧಿ 30 ಗಂಟೆ.

ಈ ಓಟದಲ್ಲಿ ಓಡುವವರು 369 ಜನ. ಅವರಿಗಾಗಿ ದುಡಿಯುವ ಸ್ವಯಂಸೇವಕರು ಸುಮಾರು 1,500 ಜನ! ಒಬ್ಬ ಓಟಗಾರನ ಹಿಂದೆ ನಾಲ್ಕು ಜನ ನಿಂತಿದ್ದಾರೆಂದು ಲೆಕ್ಕ ಹಾಕಿಕೊಳ್ಳಿ. ದಾರಿಯ ಒಂದೊಂದು ತಂಗುಗಟ್ಟೆಯನ್ನೂ ಒಂದೊಂದು ಊರಿನ ಸಂಘವೋ ಓಟಗಾರರ ಕೂಟವೋ ವಹಿಸಿಕೊಳ್ಳುತ್ತದೆ. ನೀರು, ಮಂಜುಗಡ್ಡೆ, ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ, ಹಣ್ಣು, ಬಿಸಿ ಸಾರು, ಇವನ್ನು ಹೊತ್ತು ತಂದು ಕಾಯುತ್ತಾರೆ. 78ನೆಯ ಮೈಲಿಯ ಬಳಿ ಓಟಗಾರರು ಅಮೆರಿಕನ್ ನದಿಯನ್ನು ದಾಟಬೇಕು. ಅಲ್ಲಿ ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿ, ಕೊರೆಯುವ ನೀರಿನಲ್ಲಿ ಸ್ವಯಂಸೇವಕರು ಸಾಲಾಗಿ ನಿಲ್ಲುತ್ತಾರೆ. ರಾತ್ರಿಯೆಲ್ಲ ಸರದಿಯ ಮೇಲೆ ನಿಂತು, ಸೋತು ಬಂದವರನ್ನು ಕಲ್ಲು ಕಲ್ಲು ತೋರಿಸಿ ದಾಟಿಸುತ್ತಾರೆ. ಅವರಿಗೆ ಪದಕವಿಲ್ಲ, ಪತ್ರಿಕೆಯಲ್ಲಿ ಹೆಸರಿಲ್ಲ.

ಅಲ್ಲಿನ ಒಂದು ನಿಯಮ ನನಗೆ ಬಹಳ ಹಿಡಿಸಿತು. ಈ ಓಟದಲ್ಲಿ ಓಡಲು ಅವಕಾಶ ಸಿಕ್ಕಿದವನು ಎಂಟು ಗಂಟೆಗಳ ಸೇವೆಯನ್ನು ಮಾಡಿರಲೇಬೇಕು. ಯಾವುದಾದರೂ ಓಟದಲ್ಲಿ ಸ್ವಯಂಸೇವಕನಾಗಿ ನಿಂತಿರಬೇಕು, ಇಲ್ಲವೆ ಬೆಟ್ಟದ ಕಾಲುದಾರಿಯನ್ನು ರಿಪೇರಿ ಮಾಡಿರಬೇಕು. ಎಂಥ ಶೂರನಾದರೂ ಇದರಿಂದ ವಿನಾಯಿತಿಯಿಲ್ಲ. ಲೋಟ ಹಿಡಿದು ನಿಂತವನಿಗೆ ಮುಂದೆ ತಾನು ಓಡುವಾಗ ಲೋಟ ಕೊಡುವವನ ಬೆಲೆ ಗೊತ್ತಿರುತ್ತದೆ.

ಇದಕ್ಕೆ ವಿರುದ್ಧವಾದ ಒಂದು ದುಃಖದ ಘಟನೆಯನ್ನೂ ಹೇಳಬೇಕಾಗಿದೆ. 2021ರ ಮೇ 22ರಂದು ಚೀನ ದೇಶದ ಗಾನ್ಸು ಪ್ರಾಂತದ ಬೆಟ್ಟಗಾಡಿನಲ್ಲಿ 100 ಕಿಲೋಮೀಟರಿನ ಓಟ ನಡೆಯಿತು. ಹೊರಟವರು 172 ಜನ. ಮಧ್ಯಾಹ್ನದ ವೇಳೆಗೆ ಇದ್ದಕ್ಕಿದ್ದಂತೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ. ಚಡ್ಡಿ ಬನಿಯನ್ನು ತೊಟ್ಟಿದ್ದ ಓಟಗಾರರು ಕಡಿದಾದ ಏರಿನ ಮಧ್ಯದಲ್ಲಿ ಸಿಕ್ಕಿಬಿದ್ದರು. ವಾಹನ ಹೋಗಲಾರದ ಆ ಭಾಗದಲ್ಲಿ ಬೆಚ್ಚಗಿನ ನೆಲೆಯಾಗಲಿ, ಊಟವಾಗಲಿ, ಸಾಕಷ್ಟು ಜನರಾಗಲಿ ಇರಲಿಲ್ಲ. ಚಳಿಗೆ ಮೈ ಮರಗಟ್ಟಿ 21 ಜನ ಸತ್ತರು. ಸತ್ತವರಲ್ಲಿ ಆ ದೇಶದ ಅತ್ಯಂತ ಹೆಸರುವಾಸಿಯಾದ ಓಟಗಾರನೂ ಇದ್ದ. ವ್ಯವಸ್ಥೆಯ ಲೋಪವೂ ಈ ಸಾವಿಗೆ ಕಾರಣವೆಂದು ಸರಕಾರದ ತನಿಖೆ ಹೇಳಿತು.

ಆ ದಿನ ಆರು ಜನರ ಪ್ರಾಣ ಉಳಿಸಿದವನು ಒಬ್ಬ ಕುರಿಗಾಹಿ. ಮಳೆ ಬಂತೆಂದು ಅವನು ಬೆಟ್ಟದ ಗುಹೆಯಂಥ ಮನೆಯೊಳಗೆ ಸೇರಿಕೊಂಡಿದ್ದ. ತತ್ತರಿಸುತ್ತಿದ್ದ ಒಬ್ಬ ಓಟಗಾರನನ್ನು ಕಂಡು ಒಳಕ್ಕೆ ಕರೆತಂದು, ಬೆಂಕಿ ಹಾಕಿ ಮೈ ಕಾಯಿಸಿದ. ಮತ್ತೆ ಹೊರಗೆ ಹೋಗಿ ಉಳಿದವರನ್ನು ತಂದ. ಅವನು ಓಟದ ಸ್ವಯಂಸೇವಕನಲ್ಲ, ಯಾರೂ ಅವನನ್ನು ನೇಮಿಸಿರಲಿಲ್ಲ. ಬೇಕಾದ ಜಾಗದಲ್ಲಿ ಒಬ್ಬ ಮನುಷ್ಯ, ಒಂದಿಷ್ಟು ಬೆಂಕಿ, ಒಂದು ಸೂರು ಇದ್ದುವು. ಆರು ಮನೆಗಳ ದೀಪ ಉಳಿಯಿತು. ಆ ಬೆಟ್ಟದ ಮೇಲೆ ಇಂಥವರು ಇನ್ನೂ ಹತ್ತು ಜನ ಇದ್ದಿದ್ದರೆ ಏನಾಗುತ್ತಿತ್ತೆಂದು ನೀವೇ ಯೋಚಿಸಿ.

ನಮ್ಮ ಓಟದಲ್ಲಿ ಆಲಿಕಲ್ಲಿನ ಭಯವಿಲ್ಲ. ಬಿಸಿಲಿನ ಭಯವುಂಟು. ಬೆಳಗಿನ ಐದು ಗಂಟೆಗೇ ಓಟ ಶುರುವಾದರೂ ಹಿಂದೆ ಬರುವವರು ಹತ್ತು ಹನ್ನೊಂದು ಗಂಟೆಯ ಬಿಸಿಲಿಗೆ ಸಿಕ್ಕೇ ಸಿಗುತ್ತಾರೆ. ಆದ್ದರಿಂದ ಕಟ್ಟೆಯಲ್ಲಿ ನಿಲ್ಲುವವರು ಈ ಕೆಳಗಿನ ಸಂಗತಿಗಳನ್ನು ಚೆನ್ನಾಗಿ ತಿಳಿದಿರಬೇಕು.

ಮೊದಲನೆಯದು ನೀರಿನ ಹದ. ನೀರು ಕಡಮೆಯಾದರೆ ಕೇಡು ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಕೇಡು ಎಂಬುದು ಹಲವರಿಗೆ ಗೊತ್ತಿಲ್ಲ. ಗಿಡಕ್ಕೆ ನೀರು ಹೆಚ್ಚಾದರೆ ಬೇರು ಕೊಳೆಯುವುದಿಲ್ಲವೇ? ಹಾಗೆಯೇ ಬರಿಯ ನೀರನ್ನು ಲೆಕ್ಕ ಮೀರಿ ಕುಡಿದರೆ ರಕ್ತದಲ್ಲಿ ಉಪ್ಪಿನ ಅಂಶ ತೆಳುವಾಗಿ, ತಲೆನೋವು, ವಾಂತಿ, ಮಂಪರು, ಕೊನೆಗೆ ಸಾವೂ ಬರಬಹುದು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ವೈದ್ಯರು ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಉಪ್ಪು ಇಳಿದಿತ್ತು. ಆದ್ದರಿಂದ "ಕುಡಿ, ಇನ್ನೂ ಕುಡಿ" ಎಂದು ಬಲವಂತ ಮಾಡಬೇಡಿ. ಬಾಯಾರಿದಷ್ಟು ಕುಡಿಯಲಿ. ಬರಿಯ ನೀರಿನ ಪಕ್ಕದಲ್ಲಿ ಉಪ್ಪು ಹಾಕಿದ ನೀರುಮಜ್ಜಿಗೆ, ಉಪ್ಪು ಸಕ್ಕರೆಯ ನಿಂಬೆ ಪಾನಕ, ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ, ಉಪ್ಪು ಹಾಕಿ ಬೇಯಿಸಿದ ಗೆಣಸು ಇರಲಿ. ನೀರು ಕಾಯಿಸಿ ಆರಿಸಿದ್ದಾಗಿರಬೇಕು. ಲೋಟವನ್ನು ಅರ್ಧ ಮಾತ್ರ ತುಂಬಿ. ಓಡುತ್ತಲೇ ಕುಡಿಯುವವನಿಗೆ ತುಂಬಿದ ಲೋಟ ಮೈಮೇಲೆ ಚೆಲ್ಲುತ್ತದೆ.

ಎರಡನೆಯದು ಬಿಸಿಲಿನ ಹೊಡೆತ. ಮಾತು ತೊದಲುವುದು, ಹೆಜ್ಜೆ ತೂರಾಡುವುದು, ಕಾರಣವಿಲ್ಲದೆ ಸಿಡುಕುವುದು, ಊರ ಹೆಸರು ಕೇಳಿದರೆ ತಡವರಿಸುವುದು, ಇವು ಗುರುತುಗಳು. ಬೆವರು ಬರುತ್ತಿದೆಯಲ್ಲ ಎಂದು ಮೋಸ ಹೋಗಬೇಡಿ. ಓಡುವವನಿಗೆ ಬೆವರುತ್ತಿರುವಾಗಲೂ ಬಿಸಿಲಿನ ಹೊಡೆತ ತಗಲಬಹುದು. ಮೈ ಸುಡುತ್ತಿದ್ದು ಬುದ್ಧಿ ತಪ್ಪಿದ್ದರೆ ಕೂಡಲೇ 108ಕ್ಕೆ ಫೋನು ಮಾಡಿಸಿ. ಗಾಡಿ ಬರುವವರೆಗೆ ಸುಮ್ಮನೆ ಕಾಯಬೇಡಿ. ಮೊದಲು ತಂಪು, ಆಮೇಲೆ ಸಾಗಣೆ, ಇದು ವೈದ್ಯರು ಹೇಳುವ ಮಾತು. ನೆರಳಿಗೆ ತಂದು, ದನಗಳಿಗೆ ನೀರು ಕುಡಿಸುವಂಥ ತೊಟ್ಟಿಯಲ್ಲಿ ತಣ್ಣೀರು ತುಂಬಿಸಿ ಕತ್ತಿನವರೆಗೆ ಮುಳುಗಿಸಿ; ಇಬ್ಬರು ಹಿಡಿದುಕೊಂಡು ತಲೆಯನ್ನು ನೀರಿನ ಮೇಲೆ ಇಡಬೇಕು. ತೊಟ್ಟಿಯಿಲ್ಲದಿದ್ದರೆ ಬಿಂದಿಗೆಯಿಂದ ಬಿಡದೆ ನೀರು ಹೊಯ್ದು ಗಾಳಿ ಬೀಸಿ. ಎಚ್ಚರವಿಲ್ಲದವನ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು. ಕಾಯಿಲೆ ಯಾವುದೆಂದು ನಿರ್ಣಯಿಸುವುದು ನಿಮ್ಮ ಕೆಲಸವಲ್ಲ. ಬುದ್ಧಿ ತಪ್ಪಿದವನು ಎಷ್ಟೇ ಹಟ ಮಾಡಿದರೂ ಮುಂದಕ್ಕೆ ಬಿಡದಿರುವುದು ನಿಮ್ಮ ಕೆಲಸ. ಈ ಮಾತು ಹೇಳಲು ಗಟ್ಟಿ ಮನಸ್ಸು ಬೇಕು. ಸ್ನೇಹಿತನೇ ಆಗಲಿ, ಅಣ್ಣನೇ ಆಗಲಿ, "ನಿನ್ನ ಓಟ ಇವತ್ತಿಗೆ ಇಲ್ಲಿಗೆ ಮುಗೀತು, ಕೂತ್ಕೊ" ಎಂದು ಹೇಳಬಲ್ಲವನನ್ನೇ ಕಟ್ಟೆಯ ಮುಖ್ಯಸ್ಥನನ್ನಾಗಿ ಮಾಡಬೇಕು.

ಮೂರನೆಯದು ಲೆಕ್ಕ. ಪ್ರತಿಯೊಬ್ಬ ಓಟಗಾರನ ಎದೆಯ ಮೇಲಿನ ಸಂಖ್ಯೆಯನ್ನೂ ಬಂದ ಹೊತ್ತನ್ನೂ ಪುಸ್ತಕದಲ್ಲಿ ಬರೆಯಬೇಕು. ಒಂದು ಕಟ್ಟೆ ಬಿಟ್ಟವನು ತಕ್ಕ ಹೊತ್ತಿಗೆ ಮುಂದಿನ ಕಟ್ಟೆಗೆ ಬರದಿದ್ದರೆ ಅವನು ಆ ಎರಡರ ನಡುವೆ ಎಲ್ಲೋ ಇದ್ದಾನೆಂದು ಅರ್ಥ. ಸೈಕಲ್ಲಿನಲ್ಲಿ ಹುಡುಕಲು ಹೊರಡಬೇಕು. ಈ ಪುಸ್ತಕ ಬರೆಯುವವರು ಓದುಬರಹ ಬಲ್ಲ ನಮ್ಮ ಸೋದರಿಯರಾದರೆ ಇನ್ನೂ ಒಳ್ಳೆಯದು. ಸ್ವಸಹಾಯ ಸಂಘದ ಲೆಕ್ಕ ಬರೆದು ಅವರ ಕೈ ಪಳಗಿದೆ.

ನಾಲ್ಕನೆಯದು ಮಾತು. ಓಡುವವನನ್ನು ಹುರಿದುಂಬಿಸಬೇಕು, ನಿಜ. ಆದರೆ ಏಳು ಕಿಲೋಮೀಟರು ಉಳಿದಿರುವಾಗ "ಇನ್ನೇನು ಬಂತು, ಇಲ್ಲೇ" ಎಂದು ಹೇಳಬಾರದು. ಅವನು ಉಳಿದ ಶಕ್ತಿಯನ್ನೆಲ್ಲ ಅಲ್ಲೇ ಸುರಿದು ಮುಂದೆ ಕುಸಿಯುತ್ತಾನೆ. "ಏಳು ಕಿಲೋಮೀಟರು ಇದೆ, ಎರಡರಲ್ಲಿ ಮುಂದಿನ ನೀರು ಸಿಗುತ್ತೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸೋತವನಿಗೆ ಸುಳ್ಳು ಸಮಾಧಾನಕ್ಕಿಂತ ನಿಜವಾದ ಲೆಕ್ಕ ಹೆಚ್ಚು ಬಲ ಕೊಡುತ್ತದೆ.

ಐದನೆಯದು ಕೊನೆಯವನು. ಗೆದ್ದವನ ಹಿಂದೆ ಜನ ತಾವಾಗಿಯೇ ಓಡುತ್ತಾರೆ. ಕೊನೆಯವನು ಬರುವ ಹೊತ್ತಿಗೆ ಪಾತ್ರೆ ತೊಳೆದು, ಪೆಂಡಾಲು ಬಿಚ್ಚಿ, ಎಲ್ಲರೂ ಮನೆಗೆ ಹೋಗಿರುತ್ತಾರೆ. ಅತ್ಯಂತ ಹೆಚ್ಚು ಹೊತ್ತು ಬಿಸಿಲಿನಲ್ಲಿದ್ದವನು ಅವನೇ, ಅತ್ಯಂತ ಹೆಚ್ಚು ಅಪಾಯದಲ್ಲಿರುವವನೂ ಅವನೇ. ಕೊನೆಯ ಸಂಖ್ಯೆ ಪುಸ್ತಕದಲ್ಲಿ ಬೀಳುವವರೆಗೆ ಯಾವ ಕಟ್ಟೆಯೂ ಮುಚ್ಚಕೂಡದು. ಅವನಿಗೂ ಅರ್ಧ ಲೋಟ ಮಜ್ಜಿಗೆ ಎತ್ತಿಡಬೇಕು. ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂದು ನೋಡಿ ಬಂದಲ್ಲದೆ ನೀರುಗಂಟಿ ಮಲಗುತ್ತಿರಲಿಲ್ಲ.

ಆರನೆಯದು ಚೊಕ್ಕಟ. ಪ್ಲಾಸ್ಟಿಕ್ ಲೋಟಗಳು ಬೇಡ. ಸ್ಟೀಲು ಲೋಟಗಳನ್ನು ಮನೆಗಳಿಂದ ತಂದು, ತೊಳೆಯಲು ಎರಡು ಬಕೆಟ್ ಇಟ್ಟುಕೊಳ್ಳೋಣ. ರಸ್ತೆಬದಿಯಲ್ಲಿ ಬಿದ್ದ ಪ್ಲಾಸ್ಟಿಕ್ಕು ನಾಳೆ ನಮ್ಮ ದನಗಳ ಹೊಟ್ಟೆಗೇ ಸೇರುತ್ತದೆ.

"ಇಷ್ಟೆಲ್ಲ ಮಾಡಿ ನಮಗೇನು ಸಿಗುತ್ತದೆ?" ಎಂದು ನೀವು ಕೇಳಬಹುದು. ಬಹುಮಾನವಂತೂ ಇಲ್ಲ. ಆದರೆ ಆ ದಿನ ಕಲಿತದ್ದು ಅಂದಿಗೇ ಮುಗಿಯುವುದಿಲ್ಲ. ಬಿಸಿಲಿನ ಹೊಡೆತ ಓಟಗಾರನಿಗೆ ಮಾತ್ರ ತಗಲುವುದಿಲ್ಲ. ಕಳೆ ಕೀಳುವವರಿಗೆ, ಕಬ್ಬು ಕಡಿಯುವವರಿಗೆ, ಜಾತ್ರೆಯ ಜನಕ್ಕೆ, ಉದ್ಯೋಗ ಖಾತರಿಯ ಕೆಲಸದಲ್ಲಿ ಕೆರೆಯ ಹೂಳೆತ್ತುವವರಿಗೆ ಎಲ್ಲರಿಗೂ ತಗಲುತ್ತದೆ. ಪ್ರತಿ ಹಳ್ಳಿಯಲ್ಲಿ ಹತ್ತು ಜನ ಈ ಉಪಚಾರ ಬಲ್ಲವರಿದ್ದರೆ ಬೇಸಿಗೆಯಲ್ಲಿ ಎಂದಾದರೂ ಒಂದು ದಿನ ಒಂದು ಜೀವ ಉಳಿದೀತು. ಓಟ ವರ್ಷಕ್ಕೊಮ್ಮೆ, ಬಿಸಿಲು ಪ್ರತಿ ವರ್ಷವೂ ಮೂರು ತಿಂಗಳು.

ಕೊನೆಯದಾಗಿ ಒಂದು ಸಲಹೆ. ವೆಸ್ಟರ್ನ್ ಸ್ಟೇಟ್ಸ್ ಓಟದ ನಿಯಮವನ್ನು ನಾವೂ ಇಟ್ಟುಕೊಳ್ಳೋಣ. ಈ ವರ್ಷ ಓಡುವವರು ಓಡಲಿ. ಮುಂದಿನ ವರ್ಷದಿಂದ, ಓಡಲು ಹೆಸರು ಕೊಡುವವನು ಅದಕ್ಕೆ ಮೊದಲು ಒಮ್ಮೆ ಕಟ್ಟೆಯಲ್ಲಿ ನಿಂತು ಸೇವೆ ಮಾಡಿರಬೇಕು. ಹೀಗಾದರೆ ಎರಡು ಪಟ್ಟಿ ಎಂಬುದೇ ಹೋಗಿ ಒಂದೇ ಪಟ್ಟಿಯಾಗುತ್ತದೆ. ಇಂದು ನಿಂತವನು ನಾಳೆ ಓಡುತ್ತಾನೆ, ಇಂದು ಓಡಿದವನು ನಾಳೆ ನಿಲ್ಲುತ್ತಾನೆ. ಈ ಸಲಹೆಯನ್ನು ನಿಮ್ಮ ನಿಮ್ಮ ಮಂಡಲದ ಸಭೆಯಲ್ಲಿಟ್ಟು ಚರ್ಚಿಸಿ.

ಸದ್ಯಕ್ಕೆ ಬೇಕಾಗಿರುವುದು ಪ್ರತಿ ಐದು ಕಿಲೋಮೀಟರಿಗೆ ಒಂದು ಕಟ್ಟೆ, ಕಟ್ಟೆಗೆ ಎಂಟು ಜನ. ಮುಂದಿನ ಸಂತೆಯ ದಿನದೊಳಗೆ ನಿಮ್ಮ ಊರಿನ ಮಂಡಲದ ಕಾರ್ಯದರ್ಶಿಯ ಬಳಿ ಹೆಸರು ಬರೆಸಿ. ಉಪಚಾರದ ಅಭ್ಯಾಸವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದ ಒಂದು ಮಧ್ಯಾಹ್ನ ಮಾಡಿಸೋಣ. ಬರುವಾಗ ಒಂದು ಟಾರ್ಚು, ಒಂದು ಗಡಿಯಾರ, ತಲೆಗೆ ಟವಲು, ನಿಮ್ಮ ಬುತ್ತಿ ತನ್ನಿ. ನೀರಿನ ಡ್ರಮ್ಮುಗಳನ್ನೂ ತೊಟ್ಟಿಗಳನ್ನೂ ನಾನು ಹಿಂದಿನ ಸಂಜೆಯೇ ಗಾಡಿಯಲ್ಲಿ ಮುಟ್ಟಿಸುತ್ತೇನೆ. ಬೆಳಗಿನ ನಾಲ್ಕಕ್ಕೆ ಕಟ್ಟೆಯಲ್ಲಿ ಭೇಟಿಯಾಗೋಣ.